ರೂಢಿ

ಪೌಷದ ಥಂಡ್ಯಾಗ ಬಂದವು ಪಟ್ಟಿ,
ಒಂದು ಡಬ್ಬಿಯಾಗ ನಲವತ್ತು.
ಗಡಿಯಾರ ಅನ್ನಬೇಕಂದ್ರ ಮುಳ್ಳಿಲ್ಲ,
ತಾಯತ ಅನ್ನಬೇಕಂದ್ರ ಮಂತ್ರಿಲ್ಲ.
"ಹದಿನಾಕು ದಿನ ಕಟ್ಟಿಕೊಂಡು ತಿರಗರಿ,
ನಿಮ್ಮ ಎದಿ ಹ್ಯಾಂಗ ಬಡಿತದ, ಮೈ ಎಷ್ಟು ಕಾಯ್ತದ,
ಮಷೀನು ತಾನೇ ಕಲ್ತುಕೊಳ್ತದ" ಅಂದ
ಹೈದರಾಬಾದಿನಿಂದ ಬಂದ ಹುಡುಗ.

ಕಲ್ತಿತು.
ದವಾಖಾನಿ ಖೋಲ್ಯಾಗ ಕುಂತು ನಾ ನೋಡ್ತಿದ್ದೆ,
ನಲವತ್ತು ಹಸಿರು ಚುಕ್ಕಿ,
ಮುಂಜಾನಿ ಜೋಳದ ಹೊಲದಂಗ.
ಹದಿನೇಳು ಅಂದ್ರ ಮಶಾಕ್‌ಸಾಬ,
ಸಿಮೆಂಟಿನ ಭಟ್ಟಿ ಮುಂದ ಇಪ್ಪತ್ತೆರಡು ವರ್ಷ.
ಅವನ ಎದಿ ಸಾವಕಾಶ,
ಗೂಡ್ಸ್ ಗಾಡಿ ಸಿಗ್ನಲ್ ಬಿಟ್ಟು ಹೊಂಟಂಗ.

ಚೈತ್ರ ಮುಗೀತು. ಕಾಗಿಣಾದಾಗ ಕಲ್ಲು ಎದ್ದವು.
ಫರಸಿಗೆ ಚಪ್ಪಲಿ ಹತ್ತಿಕೊಳ್ಳುವಂಥಾ ಬಿಸಲು.
ನಲವತ್ತೂ ಚುಕ್ಕಿ ಕೆಂಪು,
ಪರದಾದಾಗ ಮೆಣಸಿನಕಾಯಿ ಒಣ ಹಾಕಿದಂಗ.
ಎಲ್ಲಾರೂ ನೆಳ್ಳಿಗೆ ಕುಂತರ ಭಟ್ಟಿ ಯಾರು ಕಾಯಬೇಕು?
ಮ್ಯಾನೇಜರ್ ಫೋನ್ ಹಚ್ಚಿದ.
"ಅದರದೇನು ತಪ್ಪಿಲ್ಲ ಸರ್, ಥಂಡಿ ಒಂದೇ ಕಂಡದ.
ಇನ್ನೊಮ್ಮೆ ಹದಿನಾಕು ದಿನ ಕಲಸ್ರಿ."

ಗುಂಡಿ ಒತ್ತಿದಾವ ನಾನೇ.
ಜಾಣ ಕೂಸು.
ನಾವು ಮೂರು ತಲಿಮಾರ ತಗೊಂಡದ್ದು
ಎರಡು ವಾರದಾಗ ಕಲ್ತಿತು:
ಸೇಡಂ ಬಿಸಲು ಅಂದ್ರ ಹಿಂಗ,
ಮೈ ಅಂದ್ರ ಕಾಯೋದೇ.
ಚುಕ್ಕಿ ಹಸಿರಾದವು.
ಮ್ಯಾನೇಜರ್ ಎಲ್ಲಾರಿಗೂ ಮಜ್ಜಿಗಿ ಕುಡಿಸಿದ.

ರೋಹಿಣಿ ಮಳಿಗೆ ಇನ್ನೂ ಎಂಟು ದಿನ.
ಸಾಬಮ್ಮ ಬಂದು ಬಾಗಲದಾಗ ನಿಂತಳು.
ಧೂಳು ಬಳಿಯಾಕಿ, ಠೇಕೇದಾರನ ಕಡೆಯಾಕಿ.
ಠೇಕಿನವರಿಗೆ ಪಟ್ಟಿ ಇಲ್ಲ.
"ಮಶಾಕಣ್ಣನ ಬೆವರು ನಿಂತದ ಯಪ್ಪಾ."
ಪರದಾ ನೋಡಿದೆ. ಹದಿನೇಳು. ಹಸಿರು.
"ಆರಾಮ ಇದ್ದಾನ ಅಂತ ತೋರಸ್ತದ."
"ಅಂಗಿ ಒಣಗ್ಯದ" ಅಂದಳು,
ಮತ್ತ, ಕಿವುಡಗ ಹೇಳಿದಂಗ:
"ಭಟ್ಟಿ ಮುಂದ ನಿಂತವನ ಅಂಗಿ
ಒಣಗ್ಯದ."

ಓಡಿದೆ.
ಅವ ಗೋಡಿಗೆ ಆತು ಕುಂತಿದ್ದ,
ಭಟ್ಟಿಗೆ ಕೇಳ್ತಿದ್ದ, ಚಾ ಕುಡೀತಿಯೇನು ಅಂತ.
ಸಾಬಮ್ಮ ಗೋಣಿಚೀಲ ತೋಯಿಸಿ ಹೊದಿಸಿದಳು,
ನೆತ್ತಿ ಮ್ಯಾಲ ಕೊಡ ಬಗ್ಗಿಸಿದಳು.
ಮುಂಗೈ ಮ್ಯಾಲ ಪಟ್ಟಿ ಮಿಣಮಿಣ,
ಹಸಿರು, ಹಸಿರು.

ಉಳದ. ಎರಡು ಶಿಫ್ಟಿನ ಪಗಾರ ಹೋಯಿತು, ಅಷ್ಟೇ.
ಹೊಸ ಪಟ್ಟಿ ಬರ್ತಾವಂತ, ಬೆವರೂ ಅಳೀತಾವಂತ.

ರಿಪೋರ್ಟಿನ್ಯಾಗ ಒಂದು ಖಾನಿ ಇತ್ತು:
ಎಚ್ಚರ ಕೊಟ್ಟ ಪಟ್ಟಿಯ ನಂಬರು.
ಬಾಳ ಹೊತ್ತು ಕುಂತೆ.
ನಲವತ್ತೊಂದು ಅಂತ ಬರದೆ.
ಅಂಥಾ ನಂಬರ್ ಇಲ್ಲ
ಅಂತು ಪರದಾ.