ಹಲಗೆ ಸಂದಿನ ಕಾದಂಬರಿ

ಟ್ಯಾಂಪಾದ ಸಿಗಾರು ಕಾರ್ಖಾನೆ. ಮೇಲೆ ಗಂಡಸರು ಸುರುಳಿ ಸುತ್ತುತ್ತಾರೆ,
ಕೆಳಗೆ ನಾವು ಹೆಂಗಸರು ಎಲೆಯ ನಡುನರ ಸೀಳಿ ತೆಗೆಯುತ್ತೇವೆ.
ಮೇಲೆ ಎತ್ತರದ ಪೀಠದಲ್ಲಿ ಕೂತು
ಲಿಬೋರಿಯೊ ಗಟ್ಟಿಯಾಗಿ ಓದುತ್ತಾನೆ ಕಾದಂಬರಿ.
ವಾರವಾರ ವಂತಿಗೆ ಕೂಡಿಸಿ ಅವನಿಗೆ ಕೊಡುವವರು ಗಂಡಸರು,
ಹಾಗಾಗಿ ಕಥೆ ಅವರದು.
ನಮ್ಮದು, ಹಲಗೆ ಸಂದಿನಲ್ಲಿ ಸೋರಿದಷ್ಟು.

ಬೇಸಗೆ ಪೂರ್ತಿ ಸೋರಿದಳು ಕೌಂಟೆಸ್ ಲಿಯೊಕಾಡಿಯಾ.
ನಾಲ್ಕು ದಿನ ನಡೆಯಿತು ಅವಳ ಬಾಲ್ಯವೊಂದೇ:
ಬೆನ್ನು ನೆಟ್ಟಗಿರಲೆಂದು ಕಟ್ಟಿದ ಹಲಗೆ,
ಜೋರಾಗಿ ನಕ್ಕದ್ದಕ್ಕೆ ಒಂದು ರಾತ್ರಿಯ ಉಪವಾಸ,
ಕನ್ನಡಿಗೆ ಹೊದಿಸಿದ ಬಟ್ಟೆ, ಗೋಡೆ ತುಂಬ ಸತ್ತ ಅಜ್ಜಂದಿರು,
ಅಪ್ಪ ಎಂದೂ ನೇವರಿಸದ ತಲೆ.
ಮುಂದೆ ಅವಳು ಗಂಡನ ಉಂಗುರ ಗುಟ್ಟಾಗಿ ಮಾರಿ
ಸುಳ್ಳು ಹೇಳಿದಾಗ
ಎಂಗ್ರಾಸಿಯಾ ಮೂಗೊರೆಸಿಕೊಂಡಳು:
"ಪಾಪ, ಬೆಳೆಸಿದ್ದೇ ಹಾಗಲ್ಲವೇ."

ಅದೇ ಮನೆಯಲ್ಲಿ ಒಲೆ ಹೊತ್ತಿಸುವವಳು ಬ್ರಿಜೀದಾ
ಒಂದು ಬೆಳ್ಳಿ ಚಮಚ ಕದ್ದಳು.
ಅವಳಿಗೆ ಸಿಕ್ಕಿದ್ದು ಅರ್ಧ ಸಾಲು:
ರಕ್ತದಲ್ಲೇ ಕಳ್ಳತನವಿದ್ದ ಹುಡುಗಿ.

ಮೇಲೆ ಬಾಗುಕತ್ತಿಗಳು ಮೇಜು ಕುಟ್ಟಿದವು, ಮೆಚ್ಚಿ.
ನಾವು ಮುಖ ಮುಖ ನೋಡಿಕೊಂಡೆವು.
ಉಳಿದರ್ಧ ನಮಗೇ ಕೇಳಲಿಲ್ಲವೇನೋ,
ಐಸ್ ಗಾಡಿ ಹೋಯಿತಲ್ಲ ಆಗ, ಗಾಲಿಗೆ ಸಿಕ್ಕಿತೇನೋ.
ಕಸ ಗುಡಿಸುವ ಸೀಸ್ತೊನನ್ನು ಅಟ್ಟಿದೆವು: ಕೇಳಿ ಬಾರೋ,
ಅವಳ ತಾಯಿ ಯಾರು, ಎಷ್ಟನೇ ವಯಸ್ಸಿಗೆ ಕೆಲಸಕ್ಕೆ ಬಂದಳು,
ಮಲಗುತ್ತಿದ್ದುದೆಲ್ಲಿ.
ಹುಡುಗ ಖಾಲಿ ಕೈ ಬಿಚ್ಚಿ ತೋರಿಸಿದ:
"ಪುಸ್ತಕದಲ್ಲಿ ಇಲ್ಲವಂತೆ."
ಜೊತೆಗೆ ಮುದುಕ ಹಿಲಾರಿಯೊ ಹೇಳಿ ಕಳಿಸಿದ್ದ:
ಹುಟ್ಟುಗುಣ ಸುಟ್ಟರೂ ಹೋಗದಂತೆ.

ಸುಡುವುದಕ್ಕೆಂದೇ ಸುತ್ತುವವನ ಬಾಯಲ್ಲಿ ಈ ಮಾತು!
ತೊಮಾಸಾ ಎರಡು ಎಲೆ ಎತ್ತಿ ಹಿಡಿದಳು.
ಬೀಜ ಒಂದೇ. ಒಂದರ ಹೊಲಕ್ಕೆ ಬಿಳಿಬಟ್ಟೆಯ ಚಪ್ಪರ ಕಟ್ಟಿದ್ದರು,
ಅದು ರೇಷ್ಮೆಯಾಯಿತು, ಸಿಗಾರಿನ ಹೊರಮೈಗೆ ಹೋಗುತ್ತದೆ.
ಇನ್ನೊಂದು ಬಿಸಿಲಲ್ಲಿ ನಿಂತು ದಪ್ಪಗಾಯಿತು, ಖಾರವಾಯಿತು,
ಒಳಗೆ ತುರುಕಿಸಿಕೊಳ್ಳುತ್ತದೆ.
ಕಣ್ಣು ಕಟ್ಟಿದರೂ ಬೆರಳು ಹೇಳೀತು ಯಾವುದು ಯಾವುದೆಂದು.
"ಖಾರಕ್ಕೆ ರಕ್ತ ಅಂತ ಹೆಸರಿಟ್ಟ, ಬರೆದವನು.
ಚಪ್ಪರ ಯಾರ ಮೇಲಿತ್ತು, ನೋಡಲಿಲ್ಲ."

ಆಮೇಲೆ ಮಧ್ಯಾಹ್ನವೆಲ್ಲ ನಾವೇ ಬೆಳೆಸಿದೆವು ಬ್ರಿಜೀದಾಳನ್ನು.
ಎಂಗ್ರಾಸಿಯಾ ತನ್ನ ಅಪ್ಪನ ಬೆಲ್ಟು ಕೊಟ್ಟಳು.
ತೊಮಾಸಾ ಕೊಟ್ಟದ್ದು ಏಳು ಮಕ್ಕಳಿಗೊಂದೇ ಕಂಬಳಿ,
ಮತ್ತೆ ಹಾಡುವ ಒಬ್ಬ ಕುರುಡು ಚಿಕ್ಕಪ್ಪ, ತುಸು ಸುಖವೂ ಇರಲಿ ಎಂದು.
ಯಾರೋ ಶೂ ಕೊಡಹೋದರು; ಬೇಡ ಬೇಡ ಎಂದಿತು ಇಡೀ ಮೇಜು.
ನಾನು ಕೊಟ್ಟೆ ಒಂದು ಚಮಚ,
ತವರದ ಚಮಚ, ತವರಿನದೆಂದು ಉಳಿದಿದ್ದ ಒಂದೇ ಒಂದು,
ಅಮ್ಮ ಸತ್ತ ವಾರ ಬಾಡಿಗೆ ಬಾಕಿಗೆ ಮನೆಯೊಡತಿ ಒಯ್ದದ್ದು.

ಸ್ವಲ್ಪ ಹೊತ್ತು ಎಲೆ ಹರಿಯುವ ಸದ್ದಷ್ಟೇ.
ಆಗ ಮೂಲೆಯ ಪೆತ್ರಾ ಗೊಣಗಿದಳು:
"ಚಮಚ ನಿನ್ನದೂ ಹೋಯಿತು. ನೀನು ಕದಿಯಲಿಲ್ಲವಲ್ಲ."
ಉತ್ತರ ಹೊಳೆಯಲಿಲ್ಲ. ಈಗಲೂ.

ಮರುದಿನ ಬ್ರಿಜೀದಾ ಜೈಲಿಗೆ ಹೋದಳು, ಒಂದೇ ವಾಕ್ಯದಲ್ಲಿ.
ಕೌಂಟೆಸ್ ಕಿಟಕಿಯ ಬಳಿ ನಿಂತು ಕಡಲು ನೋಡಿದಳು,
ಊಟದ ಗಂಟೆಯವರೆಗೂ.

ಸಂಜೆ ಗಂಡಸರು ತಮ್ಮ ಪಾಲಿನ ಮೂರು ಸಿಗಾರು
ಜೇಬಿಗಿಟ್ಟು ಗೇಟು ದಾಟಿದರು.
ನಮ್ಮದು ಸಾಲು. ಲಂಗ ತಡವಿ, ತುರುಬು ಬಿಚ್ಚಿಸಿ
ಒಂದೆಲೆಯಾದರೂ ಅಡಗಿದೆಯೇ ಎಂದು ನೋಡುತ್ತಾರೆ.
ನೋಡುವವಳು ಹೊಸಬಳು. ಪುಸ್ತಕ ತೆರೆದು ಕೇಳಿದಳು, ಹೆಸರು?

ಬ್ರಿಜೀದಾ, ಎಂದೆ.

ತಲೆಯೆತ್ತದೆ ಬರೆದುಕೊಂಡಳು.
ನನ್ನ ಹಿಂದೆ ತೊಮಾಸಾ, ತುರುಬು ಕಟ್ಟಿಕೊಳ್ಳುತ್ತ:
ಬ್ರಿಜೀದಾ.