ನೀಲಿ ಮಾರ್ಕರ್

ಸೊಹಾರ್. ಮೂರನೇ ಕ್ಲಾಸು, ಮೂವತ್ತೆಂಟು ಮಕ್ಕಳು,
ಮುದುಕನ ಹಾಗೆ ಕೆಮ್ಮುವ ಒಂದು ಎ.ಸಿ.
ಬೋರ್ಡಿನ ಮೇಲೆ ಬರೆಯುತ್ತೇನೆ:
ದ ಕ್ಯಾಮೆಲ್ ಕ್ರಾಸ್ಡ್ ದ ರೋಡ್.
ಯಾರ ಮಾತು ಇದು? ಒಂಟೆಯದು. ಅದರ ಕೆಳಗೆ ಕೆಂಪು ಗೆರೆ.
ಒಂಟೆ ಏನು ಮಾಡಿತು? ರಸ್ತೆ ದಾಟಿತು. ಅದಕ್ಕೆ ನೀಲಿ.
ಕೆಂಪು ಸಬ್ಜೆಕ್ಟು, ನೀಲಿ ಪ್ರೆಡಿಕೇಟು.
"ಪ್ರೆಡಿ-ಕೇಕು" ಅನ್ನುತ್ತಾನೆ ಹಿಂದಿನ ಬೆಂಚಿನ ಇನಿಯನ್.
ಇವತ್ತು ಅವನ ತಂಗಿಯ ಹುಟ್ಟುಹಬ್ಬವಂತೆ.

ಆಫೀಸಿನವರು ತಿಂಗಳಿಗೆ ಎರಡು ಕೆಂಪು, ಎರಡು ನೀಲಿ
ಎಣಿಸಿ, ಸಹಿ ಮಾಡಿಸಿಕೊಂಡು ಕೊಡುತ್ತಾರೆ.
ಹದಿನೈದನೇ ತಾರೀಖಿಗೆಲ್ಲ ನೀಲಿ ಒಣಗಿರುತ್ತದೆ.
ಹೆಸರಿಗೇನು, ಒಂದು ಗೇಣು ಸಾಕು;
ಆ ಹೆಸರಿನವರು ಪಟ್ಟ ಪಾಡಿಗೆ
ಬೋರ್ಡಿನ ಅಂಚಿನ ತನಕ ಬೇಕು.

ಗೋಡೆಯಾಚೆ ಬಾಬಿಕರ್ ಮೇಷ್ಟ್ರ ಅರಬಿ ಪಾಠ.
ಅವರದೂ ಇವತ್ತು ಇದೇ:
ಮುಬ್ತದಾ, ಖಬರ್. ಮುಬ್ತದಾ, ಖಬರ್.
ಖಬರ್!
ನನ್ನ ಕೈ ಬೋರ್ಡಿನ ಮೇಲೆ ಅಲ್ಲೇ ನಿಂತಿತು.
ಕಲಬುರಗಿಯ ನಮ್ಮ ಓಣಿಯಲ್ಲಿ ಕಟ್ಟೆಗೆ ಕೂತವರು
ಹೋಗಿ ಬರುವವರನ್ನೆಲ್ಲ ತಡೆದು "ಏನ್ರೀ ಖಬರು?" ಅನ್ನುತ್ತಿದ್ದರು.
ಪಾಪ, ಅಷ್ಟು ವರ್ಷ ಅವರು ವ್ಯಾಕರಣ ಕೇಳುತ್ತಿದ್ದರು.

ಇಟ್ ಈಸ್ ಹಾಟ್.
"ಇಟ್ ಅಂದರೆ ಯಾರು ಟೀಚರ್?" ಭಟ್ಕಳದ ನುಸೈಬಾ.
ಯಾರೂ ಅಲ್ಲ ಮಗೂ, ಸುಮ್ಮನೆ ಕೂರಿಸಿದ್ದಾರೆ ಅಂದೆ.
ಅವಳಿಗೆ ಹೇಳದೆ ನುಂಗಿಕೊಂಡದ್ದು:
ಈ ಭಾಷೆಯಲ್ಲಿ ಬಿಸಿಲಿಗೂ ಒಬ್ಬ ಕಫೀಲ ಬೇಕು,
ಇಲ್ಲದಿದ್ದರೆ ವಾಕ್ಯಕ್ಕೆ ವೀಸಾ ಇಲ್ಲ.
ನಮ್ಮಲ್ಲಿ "ಭಾಳ ಧಗಿ" ಅಂದರೆ ಆಯಿತು.
ಅವ್ವ ಫೋನಿನಲ್ಲಿ "ಉಂಡಿ?" ಅಂತಾಳೆ, ನಾನು "ಉಂಡೆ" ಅಂತೀನಿ.
ನೀನು ಇಲ್ಲ, ನಾನು ಇಲ್ಲ,
ಒಂದೊಂದು ಕ್ರಿಯಾಪದದ ಬಾಲ ಹಿಡಿದುಕೊಂಡು
ಕಡಲಿನ ಆಚೆಗೊಬ್ಬಳು, ಈಚೆಗೊಬ್ಬಳು.

ಕ್ಲೀನ್ ದ ಬೋರ್ಡ್. ಇದರಲ್ಲಿ ಕೆಂಪು ಎಲ್ಲಿದೆ ಹೇಳಿ?
ಹುಡುಕಿದರು. "ಇಲ್ಲ ಟೀಚರ್, ಬರೀ ನೀಲಿ."
ಇದೆ, ಅಡಗಿಕೊಂಡಿದೆ.
ಅಪ್ಪಣೆ ಮಾಡುವಾಗ ಹೆಸರು ಹಿಡಿಯುವ ರೂಢಿಯಿಲ್ಲ ಅಷ್ಟೆ.
ನುಸೈಬಾ ಬಾಗಿಲತ್ತ ಬೆರಳು ತೋರಿಸಿದಳು.
ಅಲ್ಲಿ ಬಕೆಟ್ಟು, ಮಾಪು ಹಿಡಿದು
ಬೆಲ್ಲಿಗಾಗಿ ಕಾಯುತ್ತಿದ್ದ ಸಿಲ್ಹೆಟ್ಟಿನ ಶೊಹಾಗ್.
ಅವನು ನಕ್ಕ. ಮಕ್ಕಳು ನಕ್ಕರು.
ನನ್ನ ನಗು ಸ್ವಲ್ಪ ಬೇಗ ಮುಗಿಯಿತು.

ಕೊನೆಗೆ ವರ್ಕ್‌ಶೀಟು: ಬಿಟ್ಟ ಸ್ಥಳ ತುಂಬಿರಿ.
ಮೈ ಫಾದರ್ ____________
ಒಬ್ಬಳ ಅಪ್ಪ ಗೊರಕೆ ಹೊಡೆಯುತ್ತಾನೆ.
ಇನಿಯನ್‌ನ ಅಪ್ಪ 'ಈಸ್ ಟೊಯೋಟಾ.'
ಕ್ರಿಯಾಪದವಂತೂ ಇದೆ, ಪೂರ್ತಿ ಮಾರ್ಕು ಕೊಟ್ಟೆ.
ಜೋಯ್‌ಸ್ಟನ್ ಡಿಮೆಲ್ಲೊ ಹಾಳೆ ಖಾಲಿ.
ಅವನಪ್ಪ ಟಗ್ ದೋಣಿಯಲ್ಲಿ ಹೋಗಿ ಹನ್ನೆರಡು ದಿನ.
ಯಾಕೋ ಬರೆದಿಲ್ಲ?
ಪೆನ್ಸಿಲಿನ ತುದಿ ಕಚ್ಚುತ್ತ, ಆಗಷ್ಟೇ ಕಲಿತದ್ದನ್ನು ಹೇಳಿದ:
"ಖಬರ್ ಇಲ್ಲ ಟೀಚರ್."
ತಪ್ಪು ಹಾಕಲಿಲ್ಲ. ಸರಿ ಹಾಕಲಿಲ್ಲ.
ಹಾಳೆ ಅವನ ಬ್ಯಾಗಿಗೇ ಹೋಯಿತು.

ಶುಕ್ರವಾರ, ಶನಿವಾರ ರಜೆ.
ಭಾನುವಾರ ಬೆಳಿಗ್ಗೆ, ಪ್ರಾರ್ಥನೆಗೂ ಮೊದಲೇ,
ನನ್ನ ಮೇಜಿನ ಮೇಲೆ ಮಡಿಕೆಯಾದ ಅದೇ ಹಾಳೆ.
ನನ್ನ ಅಪ್ಪ
ರಾತ್ರಿ ಬಂದರು ಮತ್ತು ಗಡ್ಡ ಬಂದಿದೆ ಮತ್ತು
ನಾಲ್ಕು ಮೊಟ್ಟೆ ತಿಂದರು ಮತ್ತು ಅವರ ಶೂ
ಬಾತ್‌ರೂಮಿನಲ್ಲಿ ವಾಸನೆ ಬರುತ್ತಿದೆ ಮತ್ತು ಮಲಗಿದ್ದಾರೆ ಮತ್ತು
ಎಲ್ಲವೂ ಇಂಗ್ಲಿಷಿನಲ್ಲಿ, ಅರ್ಧ ಸ್ಪೆಲ್ಲಿಂಗಿನಲ್ಲಿ.
ಗೆರೆ ಮುಗಿದ ಮೇಲೆ ಮಾರ್ಜಿನ್ನಿಗೆ ಹತ್ತಿ,
ಅಲ್ಲಿಂದ ಮೇಲಕ್ಕೆ, ನನ್ನ ಶಾಲೆಯ ಹೆಸರನ್ನೂ ಸುತ್ತಿ
ಬಂದಿದೆ ಅದು, ಪೂರ್ಣವಿರಾಮವಿಲ್ಲದೆ.

'ಮೈ ಫಾದರ್' ಕೆಳಗೆ ಕೆಂಪು ಎಳೆದೆ, ಒಂದು ಇಂಚು.
ಆಮೇಲೆ ನೀಲಿ ಪೆನ್ನು ಹಿಡಿದು ಹೊರಟೆ.
ನಾಲ್ಕು ಸಲ ಹಾಳೆ ತಿರುಗಿಸಬೇಕಾಯಿತು.