ಹಸಿರು ಕೈಗವಸು

ಮಂಗಳವಾರ ಮುದುಕರಿಗೆ ಅರ್ಧ ದರ, ಬ್ರಿಜ್‌ಪೋರ್ಟಿನ ಈ ಟಾಕೀಸಿನಲ್ಲಿ.
ಇರ್ಮಾ ಹಲಾಸ್ ಮೂರನೇ ಸಾಲಿನಲ್ಲಿ ಕೂತು
ಪರದೆಯ ಮೇಲೆ ಹಾರುವವನನ್ನು
ಹೊಲಿಗೆ ಬಿಚ್ಚಿದಂತೆ ಬಿಡಿಸಿ ನೋಡುತ್ತಾಳೆ:

ಆ ಗದ್ದ ಯುದ್ಧಕಾಲದ್ದು.
ಹತ್ತು ಸೆಂಟಿಗೊಂದು ಗುದ್ದು, ಅನುಮಾನವೇ ಇರದ ಗುದ್ದು.
ಸೊಂಟದ ಕಿರಣಬಂದೂಕು
ಮಕ್ಕಳು ಕೆಡುತ್ತಾರೆಂದು ರಕ್ತಕ್ಕೆ ಬೀಗ ಹಾಕಿದ ಕಾಲದ್ದು,
ಆಗ ಕೇಡಿಗಳೆಲ್ಲ ಬೇರೆ ಗ್ರಹದವರು.
ಬಾಡಿಗೆ ಕಟ್ಟಲಾಗದ ಸಂಕಟ ಅದಕ್ಕೂ ಈಚಿನದು.
ಈ ಬಿಡದ ಮಳೆ, ಈ ಕತ್ತಲೆ, ಹಲ್ಲು ಕಚ್ಚಿ ಆಡುವ ಮಾತು,
ಅಷ್ಟುಹೊತ್ತಿಗೆ ಅವಳ ಕಾರ್ಖಾನೆಗೆ ಬೀಗ ಬಿದ್ದಿತ್ತು.

ಅವಳ ಕಾಲದಲ್ಲಿ ಕತ್ತಲೆಗೂ ನೀಲಿ ಬಳಿಯುತ್ತಿದ್ದರು.
ಬರೀ ಕಪ್ಪಾದರೆ ಆ ಅಗ್ಗದ ಕಾಗದದಲ್ಲಿ
ನೆರಿಗೆಯೂ ಕಾಣದು, ಮೈಯೂ ಕಾಣದು.
ಹದಿನೇಳು ಹೆಂಗಸರು, ಒಂದೇ ಉದ್ದ ಮೇಜು,
ಕೆಂಪಿಗೊಂದು ಹಾಳೆ, ಹಳದಿಗೊಂದು, ನೀಲಿಗೊಂದು;
ಕಥೆ ಓದಲು ಪುರುಸೊತ್ತೆಲ್ಲಿ?

ಅರವತ್ತೆರಡರ ಫೆಬ್ರವರಿ. ಮಗನಿಗೆ ಮಂಗನಬಾವು.
ನಿದ್ದೆಗೆಟ್ಟ ಕೈ
ಕೆಂಪಿನ ಹಾಳೆಗೆ ಬಳಿಯಬೇಕಾದ ಕೈಗವಸನ್ನು
ನೀಲಿಯ ಹಾಳೆಗೆ ಬಳಿಯಿತು. ಅಡಿಯಲ್ಲಿ ಹಳದಿ ಇತ್ತು.
ಹಸಿರಾಯಿತು.
ಸಂಬಳದಲ್ಲಿ ಎರಡು ಡಾಲರ್ ಕಡಿತ.

ಈಗ ಪರದೆಯ ತುಂಬ ಆ ಕೈ ಮೇಲೇಳುತ್ತದೆ, ಹಸಿರು,
ಬೆರಳು ಬೆರಳಿಗೂ ಬೆಲೆಬಾಳುವ ಚರ್ಮ.
ಹಿಂದಿನ ಸಾಲಿನ ಹುಡುಗ ಗೆಳತಿಯ ಕಿವಿಯಲ್ಲಿ:
"ಮೂಲದಲ್ಲೂ ಹೀಗೇ ಇತ್ತು. ಅದಕ್ಕೊಂದು ಅರ್ಥ ಇದೆ."

ಇರ್ಮಾಗೆ ನಗು ತಡೆಯಲಾಗದೆ ಕೆಮ್ಮು ಬಂತು.
ಹುಡುಗ ಶ್ ಎಂದ.